ಬಿರುಗಾಳಿಗೆ ಜಗ್ಗದ ಆಂಟೆನಾ, ಹನಿ ನೀರಿಗೆ ಸೋಲುವ ಸೋಜಿಗ

ಒಂದು ಲೆಕ್ಕ ಮಾಡೋಣ ಬನ್ನಿ. ಮುಗಿಯುವ ಹೊತ್ತಿಗೆ ಮೂಗಿನ ಮೇಲೆ ಬೆರಳಿಡದಿದ್ದರೆ ಹೇಳಿ.

ಬೆಟ್ಟದ ತುದಿಯಲ್ಲೊಂದು ಟವರ್, ಟವರಿನ ನೆತ್ತಿಯಲ್ಲಿ ರಿಪೀಟರ್ ಆಂಟೆನಾ. ದೂರದ ಕಣಿವೆಯಲ್ಲಿ ಹವ್ಯಾಸಿ ರೇಡಿಯೊದವರೊಬ್ಬರು ವಾಕಿ-ಟಾಕಿಯ ಗುಂಡಿ ಒತ್ತಿ ಮಾತಾಡುತ್ತಾರೆ. ಕಾಡು, ಗುಡ್ಡ, ಮಂಜು ಎಲ್ಲ ದಾಟಿ ಆ ಮಾತು ಮೇಲೆ ಬಂದಾಗ ಅದರಲ್ಲಿ ಉಳಿದಿರುವುದು 0.2 ಮೈಕ್ರೊವೋಲ್ಟ್. ಒಂದು ವೋಲ್ಟನ್ನು 50 ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದೇ ಒಂದು ಪಾಲು! ರಿಪೀಟರ್ ಅದನ್ನು ಹಿಡಿದುಕೊಳ್ಳುತ್ತದೆ. ಹಿಡಿದ ಕ್ಷಣದಲ್ಲೇ, ಅದೇ ಆಂಟೆನಾದಿಂದಲೇ, ಅದೇ ಮಾತನ್ನು 50 ವ್ಯಾಟ್ ಶಕ್ತಿಯಲ್ಲಿ ಸುತ್ತಲ ಊರುಗಳಿಗೆಲ್ಲ ಮರುಪ್ರಸಾರ ಮಾಡುತ್ತದೆ. ಈಗ ಹೊರಹೋಗುವ ಶಕ್ತಿಯನ್ನು ಒಳಬರುವ ಶಕ್ತಿಯಿಂದ ಭಾಗಿಸಿ. ಉತ್ತರ: 600 ಕೋಟಿ ಕೋಟಿಗೂ ಹೆಚ್ಚು. ಆರರ ಮುಂದೆ ಹದಿನಾರು ಸೊನ್ನೆ!

ಇಷ್ಟು ಅಗಾಧ ಅಂತರದ ಎರಡು ಅಲೆಗಳು ಒಂದೇ ತಂತಿಯಲ್ಲಿ, ಒಂದೇ ಹೊತ್ತಿನಲ್ಲಿ, ಎದುರುಬದುರಾಗಿ ಓಡಾಡುತ್ತವೆ. ಎರಡರ ಫ್ರೀಕ್ವೆನ್ಸಿಯೂ ಅಕ್ಕಪಕ್ಕವೇ. ಹವ್ಯಾಸಿ ರೇಡಿಯೊದವರ, ಅಂದರೆ ಹ್ಯಾಮ್‌ಗಳ, ಎರಡು ಮೀಟರ್ ಬ್ಯಾಂಡಿನಲ್ಲಿ ಸಾಮಾನ್ಯವಾಗಿ ಬಿಡುವ ಅಂತರ 600 ಕಿಲೋಹರ್ಟ್ಸ್. 145.0 ಮೆಗಾಹರ್ಟ್ಸ್‌ನಲ್ಲಿ ಕೇಳುವುದು, 145.6ರಲ್ಲಿ ಹೇಳುವುದು. ನೂರಕ್ಕೆ ಅರ್ಧದಷ್ಟೂ ವ್ಯತ್ಯಾಸವಿಲ್ಲ.

ಹಾಗಾದರೆ ತನ್ನದೇ ಆರ್ಭಟಕ್ಕೆ ರಿಪೀಟರಿನ ಕಿವಿ ಯಾಕೆ ಕಿವುಡಾಗುವುದಿಲ್ಲ? ಟವರಿನ ಬುಡದ ಕೋಣೆಯಲ್ಲಿ ಸಾಲಾಗಿ ನಿಂತ ನಾಲ್ಕೋ ಆರೋ ಲೋಹದ ಉರುಳೆಗಳಿರುತ್ತವೆ. ಅದೇ ಡ್ಯೂಪ್ಲೆಕ್ಸರ್. ಒಂದೊಂದು ಉರುಳೆಯೂ ಅರ್ಧ ಮೀಟರಿಗಿಂತ ತುಸು ಎತ್ತರ, ಒಳಗೆ ಟೊಳ್ಳು, ಒಂದೊಂದಕ್ಕೂ ಒಂದೊಂದು ಫ್ರೀಕ್ವೆನ್ಸಿಗೆ ಕೂದಲೆಳೆಯಷ್ಟು ನಿಖರವಾಗಿ ಹೊಂದಿಸಿದ ಸರಳು. ಹೇಳುವ ಅಲೆ ಕೇಳುವ ಕಡೆಗೆ ನುಗ್ಗದಂತೆ ತಡೆಯುವುದು ಇವುಗಳ ಕೆಲಸ.

ಆದರೆ ಈ ಉರುಳೆಗಳು ಇರುವುದು ಕೆಳಗೆ. ಅವುಗಳ ಆಚೆ ಇರುವ ಕೇಬಲ್, ಕನೆಕ್ಟರ್, ಆಂಟೆನಾ, ಅದನ್ನು ಹಿಡಿದಿಟ್ಟ ನಟ್ಟು-ಬೋಲ್ಟು ಎಲ್ಲವೂ ಎರಡೂ ಅಲೆಗಳ ಸಾಮಾನ್ಯ ಹಾದಿ. ಆ ಹಾದಿಯಲ್ಲೇ 145.0ರಲ್ಲಿ ಒಂದಿಷ್ಟು ಸದ್ದು ಹುಟ್ಟಿಬಿಟ್ಟರೆ? ಜಗತ್ತಿನ ಯಾವ ಡ್ಯೂಪ್ಲೆಕ್ಸರೂ ಅದನ್ನು ಸೋಸಲಾರದು. ಅದು ಕೇಳಬೇಕಾದ ಫ್ರೀಕ್ವೆನ್ಸಿಯಲ್ಲೇ ಇದೆಯಲ್ಲ!

ಗುಟ್ಟೆಲ್ಲ ಇರುವುದು ಇಲ್ಲೇ. ರಿಪೀಟರ್ ಆಂಟೆನಾದ ಬಾಳಿಕೆ ಎಂದರೆ ಅದು ಮುರಿಯದೆ ನಿಲ್ಲುವುದಷ್ಟೇ ಅಲ್ಲ, 50 ವ್ಯಾಟ್ ಮೈಮೇಲೆ ಹರಿಯುವಾಗಲೂ ತಾನಾಗಿ ಒಂದು ಸಣ್ಣ ಸದ್ದನ್ನೂ ಮಾಡದಿರುವುದು.

ಮೀಟರಿಗೆ ಕಾಣದ ರೋಗ

ಕೆಟ್ಟ ಆಂಟೆನಾ ಇದ್ದಕ್ಕಿದ್ದಂತೆ ಸಾಯುವುದು ಅಪರೂಪ. ಮೊದಲು ದೂರದವರ ದನಿ ಕೆಡುತ್ತದೆ. ಬೆಟ್ಟದ ಸುತ್ತಮುತ್ತ ಇರುವವರಿಗೆ ಎಲ್ಲ ಚೆನ್ನಾಗಿಯೇ ಕೇಳುತ್ತಿರುತ್ತದೆ. ಅಂಚಿನಲ್ಲಿರುವ ವಾಕಿ-ಟಾಕಿಯವನ ಮಾತು ಮಾತ್ರ ತುಂಡು ತುಂಡಾಗುತ್ತದೆ. ಅವನ ಅಲೆ ಬಂದು ರಿಪೀಟರನ್ನು ಎಬ್ಬಿಸುತ್ತದೆ. ಟ್ರಾನ್ಸ್‌ಮಿಟರ್ ಚಾಲೂ ಆಗುತ್ತದೆ. ಆದ ಕೂಡಲೇ ಮೇಲೆಲ್ಲೋ ಚರಪರ ಸದ್ದು ಹುಟ್ಟಿ ರಿಸೀವರನ್ನು ಮುಚ್ಚಿಹಾಕುತ್ತದೆ. ಅಲೆ ಕಾಣದೆ ಟ್ರಾನ್ಸ್‌ಮಿಟರ್ ಆಫ್ ಆಗುತ್ತದೆ. ಆಫ್ ಆದೊಡನೆ ಅವನು ಮತ್ತೆ ಕೇಳಿಸುತ್ತಾನೆ, ರಿಪೀಟರ್ ಮತ್ತೆ ಏಳುತ್ತದೆ. ತನ್ನ ಬಾಯಿಯಿಂದ ತನ್ನ ಕಿವಿಯನ್ನೇ ಕೆಡಿಸಿಕೊಳ್ಳುವ ಈ ರೋಗಕ್ಕೆ ರೇಡಿಯೊದವರು ಡೀಸೆನ್ಸ್ ಎನ್ನುತ್ತಾರೆ.

ಇನ್ನೂ ಅಚ್ಚರಿಯ ಮಾತು ಕೇಳಿ. ಆಂಟೆನಾದಿಂದ ಹಿಂದಿರುಗುವ ಶಕ್ತಿಯನ್ನು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ ಹಾಕಿ ನೋಡಿದರೆ ಮುಳ್ಳು ಅಲುಗುವುದೇ ಇಲ್ಲ! ಮೀಟರಿನ ಪ್ರಕಾರ ಆಂಟೆನಾ ಅಪ್ಪಟ ಆರೋಗ್ಯವಂತ. ಯಾಕೆಂದರೆ ಮೀಟರ್ ಅಳೆಯುವುದು ವ್ಯಾಟಿನ ಲೆಕ್ಕದಲ್ಲಿ. ಕಾಯಿಲೆ ಇರುವುದು ಒಂದು ವ್ಯಾಟಿನ ಕೋಟಿ ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ.

ಹಾಗಾಗಿ ಬಲ್ಲವರು ಬೇರೆ ದಾರಿ ಹಿಡಿಯುತ್ತಾರೆ. ಸಿಗ್ನಲ್ ಜನರೇಟರಿನಿಂದ ತೀರ ಕ್ಷೀಣವಾದ ಒಂದು ಸಿಗ್ನಲನ್ನು ರಿಸೀವರಿಗೆ ಕೊಟ್ಟು ಕಿವಿಗೊಟ್ಟು ಕೂರುತ್ತಾರೆ. ಟ್ರಾನ್ಸ್‌ಮಿಟರ್ ಆಫ್: ಸಿಗ್ನಲ್ ಕೇಳುತ್ತಿದೆ. ಆನ್: ಗೊರಗೊರ, ಸಿಗ್ನಲ್ ಮಾಯ. ಈಗ ಆಂಟೆನಾ ಕೇಬಲ್ ಕಳಚಿ ಆ ಜಾಗಕ್ಕೆ, ಶಕ್ತಿಯನ್ನು ಹೊರಬಿಡದೆ ತಾನೇ ನುಂಗುವ ಡಮ್ಮಿ ಲೋಡ್ ಸಿಕ್ಕಿಸುತ್ತಾರೆ. ಮತ್ತೆ ಆನ್: ಸಿಗ್ನಲ್ ಸ್ಫಟಿಕದಷ್ಟು ಸ್ವಚ್ಛ! ಅಲ್ಲಿಗೆ ತೀರ್ಮಾನವಾಯಿತು: ತಪ್ಪು ಪೆಟ್ಟಿಗೆಯದಲ್ಲ, ಮೇಲಿನದ್ದು. ಕೇಬಲನ್ನು ಮತ್ತೆ ಜೋಡಿಸಿ ಒಬ್ಬರು ಕನೆಕ್ಟರುಗಳನ್ನು ಒಂದೊಂದಾಗಿ ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಹೋದರೆ, ಎಲ್ಲಿ ತಟ್ಟಿದಾಗ ಸ್ಪೀಕರ್ ಚಟಪಟ ಎನ್ನುತ್ತದೋ ಅಲ್ಲೇ ಕಳ್ಳ.

ಬಿಳಿ ಕೋಲಿನ ಹೊಟ್ಟೆಯೊಳಗೆ

ಟವರುಗಳ ಮೇಲೆ ಉದ್ದನೆಯ ಬಿಳಿ ಕೋಲು ಕಂಡಿರುತ್ತೀರಿ. ನೋಡಲು ಒಂದೇ ಕೋಲು. ಆದರೆ ಅದು ಫೈಬರ್‌ಗ್ಲಾಸಿನ ಕೊಳವೆ, ಮಳೆಯಿಂದ ಕಾಪಾಡುವ ಅಂಗಿ ಮಾತ್ರ. ನಿಜವಾದ ಆಂಟೆನಾ ಅದರ ಹೊಟ್ಟೆಯಲ್ಲಿದೆ. ಸುಮಾರು 68 ಸೆಂಟಿಮೀಟರಿನ ಕೋಆಕ್ಸ್ (ಒಳತಂತಿಯ ಸುತ್ತ ಹೊರಕವಚವಿರುವ ಕೇಬಲ್) ತುಂಡುಗಳನ್ನು ಒಂದರ ಮೇಲೊಂದು ಜೋಡಿಸುವುದು ಇದರ ಒಂದು ಹಳೆಯ ವಿಧಾನ. ಜೋಡಿಸುವ ರೀತಿಯೇ ಬೆರಗು: ಒಂದು ತುಂಡಿನ ಒಳತಂತಿಯನ್ನು ಮುಂದಿನದರ ಹೊರಕವಚಕ್ಕೆ, ಹೊರಕವಚವನ್ನು ಒಳತಂತಿಗೆ, ಅಡ್ಡಡ್ಡ ಬೆಸೆಯುತ್ತಾರೆ. ಹೀಗೆ ಮಾಡಿದಾಗ ಎಲ್ಲ ತುಂಡುಗಳೂ ಒಂದೇ ತಾಳಕ್ಕೆ ಅಲೆ ಬಿಡುತ್ತವೆ. ಆಕಾಶಕ್ಕೂ ನೆಲಕ್ಕೂ ಪೋಲಾಗಬೇಕಿದ್ದ ಶಕ್ತಿ ದಿಗಂತದ ಕಡೆಗೆ ಹಿಂಡಿಕೊಳ್ಳುತ್ತದೆ. ಆರು ಮೀಟರಿನ ಒಂದು ಕೋಲು ಡೈಪೋಲ್ ಎಂಬ ಒಂಟಿ ಸಾದಾ ಆಂಟೆನಾಕ್ಕಿಂತ ಮೂರು-ನಾಲ್ಕು ಪಟ್ಟು ಬಲ ತೋರುತ್ತದೆ, ಒಂದು ವ್ಯಾಟ್ ಕರೆಂಟನ್ನೂ ಹೆಚ್ಚಿಗೆ ಕೇಳದೆ!

ಆದರೆ ಪ್ರತಿ ಜೋಡಣೆಯಲ್ಲೂ ಎರಡೆರಡು ಬೆಸುಗೆ. ಗಾಳಿ ಬೀಸಿದಾಗಲೆಲ್ಲ ಕೋಲು ಬಾಗುತ್ತದೆ, ಬೆಸುಗೆ ಎಳೆದಾಡುತ್ತದೆ. ಬಿಸಿಲಿಗೆ ಉದ್ದವಾಗುತ್ತದೆ, ರಾತ್ರಿ ಕುಗ್ಗುತ್ತದೆ. ಒಂದು ದಿನ ಕಣ್ಣಿಗೆ ಕಾಣದ ಬಿರುಕು. ಬಿರುಕಿನ ಎರಡು ದಡಗಳು ತಾಗಿಕೊಂಡೇ ಇರುತ್ತವೆ. ಸಾಮಾನ್ಯ ಸೆಟ್ಟಿಗೆ ಅದರಿಂದ ಏನೂ ಆಗದು. ರಿಪೀಟರಿಗೆ ಮಾತ್ರ ಅದು ಗಂಡಾಂತರ. ಗಾಳಿಗೆ ಅಲುಗಿದಾಗ ಬಿರುಕಿನಲ್ಲಿ ಹುಟ್ಟುವ ಅತಿಸಣ್ಣ ಕಿಡಿ ಎಲ್ಲ ಫ್ರೀಕ್ವೆನ್ಸಿಗಳಿಗೂ ಸದ್ದು ಚೆಲ್ಲುತ್ತದೆ, 145.0ಕ್ಕೂ ಸೇರಿ.

ಅಂಗಿಗೂ ವಯಸ್ಸಾಗುತ್ತದೆ. ಬಿಸಿಲಿನ ನೇರಳಾತೀತ ಕಿರಣಕ್ಕೆ ಮೇಲ್ಮೈಯ ರಾಳ ಸವೆದು ಗಾಜಿನ ಎಳೆಗಳು ನವಿರೆದ್ದು ನಿಲ್ಲುತ್ತವೆ. ಆ ಎಳೆಗಳು ನೀರು ಹಿಡಿದಿಡುತ್ತವೆ. ಬುಡದಲ್ಲಿ ನೀರು ಬಸಿಯಲು ಇಟ್ಟ ಪುಟ್ಟ ತೂತಿಗೆ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿದರೆ ಒಳಗಿನ ನೀರು ಒಳಗೇ ಉಳಿಯಿತು.

ತಂಗಾಳಿಯ ಮೂರು ಲಕ್ಷ ಪೆಟ್ಟು

ಆಂಟೆನಾಗೆ ಶತ್ರು ಯಾರು ಎಂದರೆ ಬಿರುಗಾಳಿ ಎನ್ನುತ್ತೇವೆ. ಸರಿಯೇ. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು, ಮುಮ್ಮಡಿಯಾದರೆ ಒಂಬತ್ತು ಪಟ್ಟು. ಅಮೆರಿಕದ ನ್ಯೂಹ್ಯಾಂಪ್‌ಶೈರಿನ ಮೌಂಟ್ ವಾಷಿಂಗ್ಟನ್ 1,917 ಮೀಟರ್ ಎತ್ತರದ ಶಿಖರ. 1934ರ ಏಪ್ರಿಲ್ 12ರಂದು ಅಲ್ಲಿ ಗಾಳಿ ಗಂಟೆಗೆ 372 ಕಿ.ಮೀ. ವೇಗದಲ್ಲಿ ಬೀಸಿತು. ಗಾಳಿಮಾಪಕಕ್ಕೆ ಮಂಜುಗಡ್ಡೆ ಕಟ್ಟದಿರಲೆಂದು ವಿದ್ಯುತ್ತಿನಿಂದ ಬಿಸಿ ಮಾಡುವ ವ್ಯವಸ್ಥೆ ಇದ್ದದ್ದರಿಂದ ಆ ಅಂಕಿ ನಮಗೆ ಸಿಕ್ಕಿತು. ಆಸ್ಟ್ರೇಲಿಯಾದ ಬ್ಯಾರೋ ದ್ವೀಪದಲ್ಲಿ 1996ರ ಚಂಡಮಾರುತ 408 ಕಿ.ಮೀ. ತೋರಿಸುವವರೆಗೆ ಅದೇ ದಾಖಲೆ. ಅಂಥ ಶಿಖರಗಳಲ್ಲಿ ಹಿಮ ಗಾಳಿ ಬರುವ ದಿಕ್ಕಿಗೇ ಗರಿಗರಿಯಾಗಿ ಬೆಳೆಯುತ್ತದೆ. ಬೆರಳು ಗಾತ್ರದ ಸರಳು ತೋಳಿನ ಗಾತ್ರವಾಗಿ, ಗಾಳಿಗೆ ಒಡ್ಡಿಕೊಳ್ಳುವ ಮೈ ಹತ್ತು ಪಟ್ಟಾಗುತ್ತದೆ. ಬಿಸಿಲೇರಿದಾಗ ಮೇಲಿನ ಗಡ್ಡೆ ಕಳಚಿ ಬಿದ್ದು ಕೆಳಗಿನ ಆಂಟೆನಾವನ್ನೇ ಮುರಿಯುತ್ತದೆ.

ಆದರೆ ಬಿರುಗಾಳಿ ವರ್ಷಕ್ಕೆ ಒಂದೋ ಎರಡೋ ಸಲ. ನಮ್ಮ ಅಂಗಳದ ತುಳಸಿಯನ್ನು ಮೆಲ್ಲಗೆ ಅಲುಗಿಸುವ ತಂಗಾಳಿ ಇದೆಯಲ್ಲ, ಅದು ಮಾಡುವ ಕೆಲಸ ಕೇಳಿ! ಸರಳನ್ನು ದಾಟುವ ಗಾಳಿ ಅದರ ಬೆನ್ನ ಹಿಂದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿ ಬಿಡುತ್ತ ಹೋಗುತ್ತದೆ. ಪ್ರತಿ ಸುಳಿಯೂ ಸರಳಿಗೆ ಒಂದು ಪುಟ್ಟ ತಳ್ಳು. 1878ರಲ್ಲೇ ಚೆಕ್ ವಿಜ್ಞಾನಿ ವಿನ್ಸೆಂಟ್ಸ್ ಸ್ಟ್ರೌಹಾಲ್ ತಂತಿಗಳು ಗಾಳಿಗೆ ಹಾಡುವುದನ್ನು ಅಳೆದು ಇದರ ಲೆಕ್ಕ ಹಿಡಿದಿದ್ದ. ಆ ಸೂತ್ರಕ್ಕೆ 12 ಮಿಲಿಮೀಟರ್ ದಪ್ಪದ ಸರಳು, ಗಂಟೆಗೆ ಬರೀ 18 ಕಿ.ಮೀ. ಗಾಳಿ ಹಾಕಿ ನೋಡಿ. ಸೆಕೆಂಡಿಗೆ 83 ಸಲ! ಗಂಟೆಗೆ ಸುಮಾರು 3 ಲಕ್ಷ ಸಲ! ಒಂದು ಹಗಲು-ರಾತ್ರಿ ಬೀಸಿದರೆ 70 ಲಕ್ಷ ದಾಟಿತು. ಸರಳಿನ ಸಹಜ ಕಂಪನವೂ ಇದಕ್ಕೆ ತಾಳ ಕೂಡಿಸಿದರೆ ಮುಗಿದೇಹೋಯಿತು. ಅಲ್ಯುಮಿನಿಯಂ ಈ ವಿಷಯದಲ್ಲಿ ಉಕ್ಕಿಗಿಂತ ನಾಜೂಕು: ಎಷ್ಟೇ ಸಣ್ಣ ಪೆಟ್ಟಾದರೂ ಲೆಕ್ಕ ಇಟ್ಟುಕೊಂಡು, ಒಂದು ದಿನ ಬುಡದಲ್ಲಿ ಬಿರುಕು ಬಿಡುತ್ತದೆ.

ಇದಕ್ಕೆ ಆಂಟೆನಾ ಕಟ್ಟುವವರು ಕಂಡುಕೊಂಡ ಮದ್ದು ಏನು ಗೊತ್ತೆ? ಹಗ್ಗ! ಟೊಳ್ಳು ಸರಳಿನ ಒಳಗೆ ಒಂದು ತುಂಡು ಹಗ್ಗ ತೂರಿಸಿ ತುದಿ ಮುಚ್ಚಿಬಿಡುತ್ತಾರೆ. ಸರಳು ನಡುಗಿದಾಗ ಹಗ್ಗ ಒಳಗೋಡೆಗೆ ಉಜ್ಜಿ ನಡುಕದ ಶಕ್ತಿಯನ್ನೆಲ್ಲ ತಾನು ತಿಂದುಕೊಳ್ಳುತ್ತದೆ. ಹಗ್ಗದ ತುಂಡೊಂದು ವರ್ಷಗಟ್ಟಲೆ ಆಯಸ್ಸು ಕೊಡುತ್ತದೆ.

ತುಕ್ಕೂ ಒಂದು ರೇಡಿಯೊ!

ಇನ್ನು ತುಕ್ಕಿನ ಕಥೆ. ತುಕ್ಕು ಲೋಹವನ್ನು ತಿನ್ನುತ್ತದೆ ಎಂಬುದು ಎಲ್ಲರಿಗೂ ಗೊತ್ತು. ತುಕ್ಕು ರೇಡಿಯೊ ಅಲೆ ಹುಟ್ಟಿಸುತ್ತದೆ ಎಂದರೆ? ಹೌದು, ಹುಟ್ಟಿಸುತ್ತದೆ!

ಎರಡು ಲೋಹಗಳ ನಡುವೆ ತೆಳ್ಳನೆಯ ತುಕ್ಕಿನ ಪೊರೆ ಕೂತರೆ ಅಲ್ಲಿ ಕರೆಂಟ್ ಒಂದು ಕಡೆಗೆ ಸಲೀಸಾಗಿ, ಇನ್ನೊಂದು ಕಡೆಗೆ ತಿಣುಕುತ್ತ ಹರಿಯಬಹುದು. ಅಂದರೆ ಅದೊಂದು ಕಚ್ಚಾ ಡಯೋಡ್. ಇಂಥದೇ ಗುಣವನ್ನು ಗೆಲೀನಾ ಹರಳಿನಲ್ಲಿ ಕಂಡು ನಮ್ಮ ಜಗದೀಶಚಂದ್ರ ಬೋಸರು ಅಲೆಗಳನ್ನು ಹಿಡಿಯುವ ಸಾಧನಕ್ಕೆ 1901ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಅರ್ಜಿ ಹಾಕಿದರು. 1904ರಲ್ಲಿ ಅದು ಸಿಕ್ಕಿತು. 1944ರಲ್ಲಿ ಇಟಲಿಯ ಆನ್ಜಿಯೊ ರಣರಂಗದ ಗುಂಡಿಗಳಲ್ಲಿ ಕೂತ ಸೈನಿಕರು ಶೇವಿಂಗ್ ಬ್ಲೇಡು, ಪೆನ್ಸಿಲ್ ಕಡ್ಡಿ, ಒಂದಿಷ್ಟು ತಂತಿ ಇಂಥವುಗಳಿಂದಲೇ ರೇಡಿಯೊ ಮಾಡಿಕೊಂಡು ಹಾಡು ಕೇಳಿದರು. ಬ್ಲೇಡಿನ ಮೇಲಿನ ಆಕ್ಸೈಡ್ ಪೊರೆಯೇ ಡಯೋಡ್!

ಅವರಿಗೆ ವರವಾದದ್ದು ಟವರಿನ ಮೇಲೆ ಶಾಪ. ನಮ್ಮ ರಿಪೀಟರ್ 145.6ರಲ್ಲಿ ಹೇಳುತ್ತಿದೆ. ಅದೇ ಬೆಟ್ಟದಲ್ಲಿ ಇನ್ಯಾರದೋ ಟ್ರಾನ್ಸ್‌ಮಿಟರ್ 146.2ರಲ್ಲಿದೆ ಎಂದಿಟ್ಟುಕೊಳ್ಳಿ. ತುಕ್ಕು ಹಿಡಿದ ಒಂದು ಬೋಲ್ಟು ಎರಡನ್ನೂ ಬೆರೆಸುತ್ತದೆ. ಮೊದಲನೆಯದರ ಇಮ್ಮಡಿ 291.2, ಅದರಲ್ಲಿ 146.2 ಕಳೆಯಿರಿ. ಉಳಿದದ್ದು? 145.0! ರಿಪೀಟರ್ ಕಿವಿಯಿಟ್ಟು ಕೂತಿರುವ ಜಾಗಕ್ಕೇ ಗುರಿಯಿಟ್ಟಂತೆ. ಆ ಬೋಲ್ಟು ಆಂಟೆನಾದ್ದೇ ಆಗಬೇಕಿಲ್ಲ. ಟವರಿನ ಸಡಿಲ ಕೊಂಡಿ, ಪಕ್ಕದ ಬೇಲಿತಂತಿ, ತಗಡಿನ ಚಾವಣಿಯ ಮೊಳೆ ಯಾವುದೂ ಆದೀತು.

ಹಾಗಾಗಿ ಟವರ್ ಕೆಲಸದವರು ಲೋಹಗಳ ಜಾತಕ ನೋಡಿಯೇ ಜೋಡಿ ಮಾಡುತ್ತಾರೆ. ತಾಮ್ರಕ್ಕೂ ಅಲ್ಯುಮಿನಿಯಂಗೂ ನೇರ ಸಂಬಂಧ ಕೂಡದು. ನೀರು ತಾಗಿದರೆ ಇವೆರಡೂ ಸೇರಿ ಬ್ಯಾಟರಿಯಾಗಿ ಅಲ್ಯುಮಿನಿಯಂ ಕರಗುತ್ತದೆ. ಬರೀ ತಾಮ್ರದ ತಂತಿಯನ್ನು ಟವರಿನ ಮೇಲೆ ಎಳೆಯುವುದೂ ತಪ್ಪು. ಅದರಿಂದ ತೊಟ್ಟಿಕ್ಕುವ ಮಳೆನೀರೇ ಸಾಕು, ಕೆಳಗಿನ ಉಕ್ಕಿಗೆ ಹೊದಿಸಿದ ಸತುವನ್ನು ತಿನ್ನಲು! ತವರ ಲೇಪಿಸಿದ ತಾಮ್ರ ಬಳಸುವುದು ಅದಕ್ಕೇ. ಹೊರಕವಚದಲ್ಲಿ ಅಲ್ಯುಮಿನಿಯಂ ಹಾಳೆಯ ಮೇಲೆ ತಂತಿ ಹೆಣೆದ ಕೇಬಲ್ ಸಾಮಾನ್ಯ ಸೆಟ್ಟಿಗೆ ಸೊಗಸಾಗಿ ಕೆಲಸ ಮಾಡುತ್ತದೆ. ರಿಪೀಟರಿಗೆ ಹಾಕಿದರೆ ಹೆಣಿಗೆಯ ಸಾವಿರಾರು ಸಡಿಲ ಸ್ಪರ್ಶಗಳೂ ಕಾಲಾಂತರದಲ್ಲಿ ಸದ್ದಿನ ಗೂಡುಗಳು. ಹೀಗಾಗಿ ರಿಪೀಟರಿಗೆ ಬೇಕಾದದ್ದು ಒಂದೇ ಅಖಂಡ ತಾಮ್ರದ ಸುಕ್ಕುಗಟ್ಟಿದ ಕೊಳವೆಯೇ ಹೊರಕವಚವಾಗಿರುವ ದಪ್ಪ ಕೇಬಲ್.

ಉಸಿರಾಡುವ ಕೇಬಲ್

ಮಲೆನಾಡಿನವರಿಗೆ ನೀರಿನ ಬಗ್ಗೆ ಹೇಳಬೇಕಿಲ್ಲ. ಆದರೂ ಇದನ್ನು ಕೇಳಿ. ಕೇಬಲಿನೊಳಗೆ ನೀರು ಸುರಿದು ಬರುವುದಿಲ್ಲ. ಕೇಬಲ್ ಅದನ್ನು ಎಳೆದುಕೊಳ್ಳುತ್ತದೆ. ಹಗಲಿನ ಬಿಸಿಲಿಗೆ ಕನೆಕ್ಟರಿನೊಳಗಿನ ಗಾಳಿ ಹಿಗ್ಗಿ, ಸೂಜಿಮೊನೆಯಷ್ಟು ಸಂದಿನಿಂದ ಹೊರಹೋಗುತ್ತದೆ. ಸಂಜೆ ಮಳೆ ಬಿದ್ದು ಲೋಹ ತಟ್ಟನೆ ತಣ್ಣಗಾದಾಗ ಒಳಗೆ ಒತ್ತಡ ಇಳಿದು ಅದೇ ಸಂದಿನಿಂದ ತೇವದ ಗಾಳಿಯೋ ನೀರಿನ ಹನಿಯೋ ಒಳಕ್ಕೆ. ದಿನಕ್ಕೊಂದು ಉಸಿರು. ಒಳಹೊಕ್ಕ ನೀರು ಹೆಣಿಗೆಯ ಎಳೆಗಳಲ್ಲಿ ತಾನೇ ತಾನಾಗಿ ಮೀಟರುಗಟ್ಟಲೆ ಹರಿದು, ತಾಮ್ರವನ್ನು ಕಿಲುಬು ಹಿಡಿಸಿ ಕಪ್ಪಾಗಿಸುತ್ತದೆ. ಗಾಳಿ ತುಂಬಿದ ದೊಡ್ಡ ಕೇಬಲುಗಳಿಗೆ ಇದಕ್ಕಾಗಿಯೇ ಒಣಗಾಳಿಯನ್ನೋ ನೈಟ್ರೋಜನ್ನನ್ನೋ ಒತ್ತಡದಲ್ಲಿ ತುಂಬಿಡುತ್ತಾರೆ. ಸಣ್ಣ ತೂತು ಬಿದ್ದರೂ ಒಳಗಿನದು ಹೊರಬರುತ್ತದೆಯೇ ಹೊರತು ಹೊರಗಿನದು ಒಳಹೋಗದು.

ಹಾಗಾದರೆ ಒಂದು ಕನೆಕ್ಟರನ್ನು ಹತ್ತು ಮಳೆಗಾಲ ಕಾಪಾಡುವುದು ಹೇಗೆ? ನುರಿತ ಕೈಗಳು ಮಾಡುವುದನ್ನು ಹತ್ತಿರದಿಂದ ನೋಡಬೇಕು. ಬೆಲ್ ಲ್ಯಾಬ್ಸ್‌ನ ಪಾಲ್ ನೀಲ್ 1940ರ ದಶಕದಲ್ಲಿ ರೂಪಿಸಿದ, ಒಳಗೆ ರಬ್ಬರ್ ಉಂಗುರವಿರುವ ಎನ್ ಕನೆಕ್ಟರನ್ನು ಮೊದಲು ಬಿಗಿಯುತ್ತಾರೆ. ಮೇಲೆ ಒಂದು ಸುತ್ತು ವಿದ್ಯುತ್ ಟೇಪ್, ಮುಂದೆ ಬಿಚ್ಚಬೇಕಾದಾಗ ಅಂಟು ಲೋಹಕ್ಕೆ ಹಿಡಿಯದಿರಲೆಂದು. ಅದರ ಮೇಲೆ ಮೆತ್ತನೆಯ ಬ್ಯುಟೈಲ್ ರಬ್ಬರ್ ಟೇಪನ್ನು ಎಳೆದು ಸುತ್ತಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಸಂದೇ ಕಾಣದಂತೆ ಮಾಡುತ್ತಾರೆ. ಕಡೆಗೆ ಮತ್ತೆ ವಿದ್ಯುತ್ ಟೇಪ್. ಈ ಕಡೆಯ ಸುತ್ತು ಕೆಳಗಿನಿಂದ ಮೇಲಕ್ಕೇ ಹೋಗಬೇಕು. ಆಗ ಮೇಲಿನ ಪದರದ ಅಂಚು ಕೆಳಗಿನದರ ಮೇಲೆ ಬಂದು, ಮಂಗಳೂರು ಹೆಂಚು ಹೊದಿಸಿದ ಮಾಡಿನ ಹಾಗೆ ನೀರು ಜಾರಿಹೋಗುತ್ತದೆ. ಮೇಲಿನಿಂದ ಕೆಳಕ್ಕೆ ಸುತ್ತಿದಿರೋ, ಪ್ರತಿ ಅಂಚೂ ನೀರಿಗೆ ಬಾಯ್ದೆರೆದ ಜೇಬು!

ಮಳೆಯೇ ಇಲ್ಲದ ಜಾಗದಲ್ಲಿ ರಿಪೀಟರ್ ಇಟ್ಟರೆ? ಅದನ್ನೂ ಮಾಡಿದ್ದಾರೆ, ನಮ್ಮ ಬೆಂಗಳೂರಿನವರೇ! ಇಸ್ರೋದ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದ ಹ್ಯಾಮ್‌ಸ್ಯಾಟ್ ಎಂಬ ಉಪಗ್ರಹ 2005ರ ಮೇ 5ರಂದು ಪಿಎಸ್‌ಎಲ್‌ವಿ ರಾಕೆಟ್ ಏರಿ ಹೋಯಿತು. 435 ಮೆಗಾಹರ್ಟ್ಸ್ ಸುಮಾರಿನಲ್ಲಿ ಕೇಳಿ 145ರ ಸುಮಾರಿನಲ್ಲಿ ಮರುಪ್ರಸಾರ ಮಾಡುತ್ತಿದ್ದುದರಿಂದ 600 ಕಿಲೋಹರ್ಟ್ಸ್‌ನ ಇಕ್ಕಟ್ಟೂ ಅದಕ್ಕಿರಲಿಲ್ಲ. ಜಗತ್ತಿನ ಹ್ಯಾಮ್‌ಗಳು ಒಂಬತ್ತು ವರ್ಷ ಅದರ ಮೂಲಕ ಮಾತಾಡಿದರು. 2014ರಲ್ಲಿ ಅದು ನಿಂತದ್ದು ಬ್ಯಾಟರಿ ಕೈಕೊಟ್ಟಿದ್ದರಿಂದ, ಆಂಟೆನಾದಿಂದಲ್ಲ.

ಸಿಡಿಲಿಗೆ ದಾರಿ ಬಿಡುವ ಜಾಣ್ಮೆ

ಸಿಡಿಲಿನ ಒಂದು ಹೊಡೆತದಲ್ಲಿ ಸಾಮಾನ್ಯವಾಗಿ 30 ಸಾವಿರ ಆಂಪಿಯರ್ ಆಸುಪಾಸು ಕರೆಂಟ್. ಬಿಳಿ ಕೋಲಿನೊಳಗೆ ನೀರು ಕೂತಿದ್ದರೆ ಆ ಹೊಡೆತಕ್ಕೆ ಅದು ಕ್ಷಣಾರ್ಧದಲ್ಲಿ ಹಬೆಯಾಗಿ ಕೊಳವೆಯೇ ಸಿಡಿದು ಸೀಳಿಹೋಗುತ್ತದೆ.

ಇಲ್ಲಿ ಇನ್ನೊಂದು ಬಗೆಯ ಆಂಟೆನಾ ಮೀಸೆ ತಿರುವುತ್ತದೆ: ಕಂಬದ ಪಕ್ಕಕ್ಕೆ ಚಾಚಿದ, ಮೀಟರಿನಷ್ಟು ಉದ್ದದ ಚಪ್ಪಟೆ ಲೋಹದ ಕುಣಿಕೆಗಳು, ಅಂದರೆ ಫೋಲ್ಡೆಡ್ ಡೈಪೋಲ್. ಅಂಥ ನಾಲ್ಕು ಕುಣಿಕೆಗಳನ್ನು ಒಂದೇ ಕಂಬಕ್ಕೆ ಜೋಡಿಸಿದ ಡಿಬಿ-224 ಎಂಬ ವಿನ್ಯಾಸ ಅಮೆರಿಕದ ರಿಪೀಟರ್ ಬಳಗದಲ್ಲಿ ಮನೆಮಾತು. ಕುಣಿಕೆಯ ಸೊಗಸು ಎಲ್ಲಿದೆ ನೋಡಿ. ಕೇಬಲ್ ಸೇರುವ ಜಾಗದ ಎದುರಿಗಿರುವ ನಟ್ಟನಡು ಬಿಂದುವಿನಲ್ಲಿ ರೇಡಿಯೊ ಅಲೆಯ ವೋಲ್ಟೇಜ್ ಸೊನ್ನೆ. ಸೊನ್ನೆ ಇರುವ ಜಾಗವನ್ನು ಕಂಬಕ್ಕೆ ನೇರವಾಗಿ ಬೆಸೆದರೂ ಅಲೆಗೆ ಗೊತ್ತೇ ಆಗದು! ಸಿಡಿಲಿಗೆ ಮಾತ್ರ ಅದು ರಾಜಮಾರ್ಗ: ಕುಣಿಕೆಯಿಂದ ಕಂಬಕ್ಕೆ, ಕಂಬದಿಂದ ಟವರಿಗೆ, ಟವರಿನಿಂದ ನೆಲಕ್ಕೆ. ಬೆಸುಗೆಗಳ ಸರಮಾಲೆ ಇಲ್ಲ, ಬಾಗುವ ಕೋಲಿಲ್ಲ. ಇದಕ್ಕೂ ಒಂದು ದುರ್ಬಲ ಜಾಗವಿದೆ. ನಾಲ್ಕು ಕುಣಿಕೆಗಳಿಗೆ ಕವಲೊಡೆಯುವ ಕೇಬಲಿನ ಗಂಟುಗಳಿಗೆ ನೀರು ಹೊಕ್ಕರೆ ಇದೂ ಗೊರಗುಟ್ಟುತ್ತದೆ. ಹಿಮ ಕವಿಯುವ ಶಿಖರಗಳಲ್ಲಿ ಬರೀ ಮೈಯ ಕುಣಿಕೆಗೆ ಗಡ್ಡೆ ಕಟ್ಟಿ ಹೊಂದಿಕೆ ತಪ್ಪುವುದೂ ಉಂಟು.

ಉಕ್ಕಿನ ಗೋಪುರವಾದರೋ ಬೇರೆಯೇ ಆಯಸ್ಸಿನದು. ಎಫ್‌ಎಂ ರೇಡಿಯೊದ ಜನಕ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1938ರ ಹೊತ್ತಿಗೆ ನ್ಯೂಜೆರ್ಸಿಯ ಆಲ್ಪೈನ್‌ನಲ್ಲಿ ಸುಮಾರು 130 ಮೀಟರಿನ ಟವರ್ ನಿಲ್ಲಿಸಿದ. 2001ರ ಸೆಪ್ಟೆಂಬರ್ 11ರಂದು ವರ್ಲ್ಡ್ ಟ್ರೇಡ್ ಸೆಂಟರ್ ಜೊತೆ ನ್ಯೂಯಾರ್ಕಿನ ಟಿ.ವಿ. ಆಂಟೆನಾಗಳೂ ನೆಲಕಚ್ಚಿದಾಗ ಹಲವು ಚಾನೆಲ್ಲುಗಳು ಓಡಿಬಂದು ಆಸರೆ ಪಡೆದದ್ದು ಅದೇ ಮುದಿ ಟವರಿನಲ್ಲಿ! ಅರವತ್ತು ದಾಟಿದ ಉಕ್ಕು ಹೊಸ ಆಂಟೆನಾಗಳನ್ನು ಹೊತ್ತು ನಿಂತಿತು. ಟವರಿಗೆ ಬೇಕಾದದ್ದು ಬಲ. ಅದರ ಮೇಲೆ ಕೂತದ್ದಕ್ಕೆ ಬಲದ ಜೊತೆಗೆ ಬೇಕಾದದ್ದು ಮೌನ.

ಟವರನ್ನು ಓದುವುದು

ಇನ್ನು ಮುಂದೆ ಬೆಟ್ಟದ ಮೇಲೆ ಟವರ್ ಕಂಡರೆ ಒಂದು ನಿಮಿಷ ನಿಂತು ಓದಿ. ನೆತ್ತಿಯಲ್ಲಿರುವುದು ಬಿಳಿ ಕೋಲೋ ಕುಣಿಕೆಗಳೋ? ಕೋಲಿನ ಮೈ ನುಣ್ಣಗಿದೆಯೋ, ಬಿಸಿಲಿಗೆ ಎಳೆ ಎದ್ದಿದೆಯೋ? ಕೇಬಲನ್ನು ಪ್ರತಿ ಮೀಟರಿಗೂ ಟವರಿಗೆ ಕಟ್ಟಿದ್ದಾರೋ, ಗಾಳಿಗೆ ಓಲಾಡಲು ಬಿಟ್ಟಿದ್ದಾರೋ? ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಕಪ್ಪೋ, ಬಿಸಿಲಿಗೆ ಬೇಗ ಪುಡಿಯಾಗುವ ಬಿಳಿಯದೋ? ಕೋಣೆಯೊಳಗೆ ನುಗ್ಗುವ ಮುಂಚೆ ಕೇಬಲ್ ಒಮ್ಮೆ ಕೆಳಕ್ಕೆ ಬಾಗಿ ನೀರು ತೊಟ್ಟಿಕ್ಕಲು ಜಾಗ ಕೊಟ್ಟಿದೆಯೋ? ಇಷ್ಟು ನೋಡಿದರೆ ಆ ಆಂಟೆನಾ ಎಷ್ಟು ಮಳೆಗಾಲ ಕಂಡೀತು ಎಂದು ನೀವೇ ಹೇಳಬಲ್ಲಿರಿ.

ಹೊಸ ಆಂಟೆನಾ ಏರಿಸುವ ಹವ್ಯಾಸಿಗಳಿಗೂ ಒಂದು ಮಾತು. ನಿಮ್ಮ ಪರೀಕ್ಷೆಯನ್ನು ತಿಳಿಬಿಸಿಲಿನ, ಗಾಳಿಯಿಲ್ಲದ ದಿನ ಮುಗಿಸಿ ಕೈತೊಳೆದುಕೊಳ್ಳಬೇಡಿ. ಆ ದಿನ ಎಲ್ಲ ಆಂಟೆನಾಗಳೂ ಪಾಸಾಗುತ್ತವೆ. ಆಷಾಢದ ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯುವ ದಿನ ಕೆಳಗಿನ ಕೋಣೆಯಲ್ಲಿ ಕೂತು, ಆ 0.2 ಮೈಕ್ರೊವೋಲ್ಟಿನ ಸಿಗ್ನಲ್ ಹಾಕಿ, ಟ್ರಾನ್ಸ್‌ಮಿಟರ್ ಒತ್ತಿ ಕೇಳಿ. ಆಗಲೂ ಸ್ವಚ್ಛವಾಗಿ ಕೇಳಿಸಿದರೆ ಆ ಆಂಟೆನಾವನ್ನು ನಂಬಬಹುದು, ಅದನ್ನು ಕಟ್ಟಿದ ಕೈಗಳನ್ನೂ!